ಮಾಸ್ತರರು ಎಲ್ಲಿ ಹೋದರು?

ನಮ್ಮ ಗರಗದ ಹೆಸರು ವಾಚಕರಿಗೆ ಹೊಸದಿರಲಾರದು. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಇಲ್ಲಿ ನೂಲುವ ಹೆಣ್ಣುಮಕ್ಕಳಿಗೆ ಕೂಲಿ ಸಲ್ಲುವುದು ಲಡಿಯ ಲೆಕ್ಕದಲ್ಲಿ. ನೂತರೆ ಹಣ, ನೂಲದ ದಿನ ಏನೂ ಇಲ್ಲ. ನನ್ನೊಡನೆ ಧಾರವಾಡದ ಬಸ್ಸು ಹತ್ತುವ ಅತಿಥಿ ಉಪನ್ಯಾಸಕರೊಬ್ಬರು, "ನಮ್ದೂ ಲಡಿ ಲೆಕ್ಕನ ಐತ್ರಿ ಸರ" ಎಂದು ನಗುತ್ತಾರೆ. ಅತಿಥಿಗೆ ಮೊದಲ ಎಲೆ ಹಾಕುವ ನಾಡಿನಲ್ಲಿ ಈ ಹೆಸರನ್ನು ಯಾರು ಆರಿಸಿದರೋ!

ಅಧ್ಯಾಪಕರು ಊರು ಬಿಡುವುದು ಹೊಸ ಸಂಗತಿಯಲ್ಲ. ಕರ್ನಾಟಕ ಕಾಲೇಜಿನ ಪ್ರಾಚಾರ್ಯರಾಗಿದ್ದ ಗೋಕಾಕರು ಹೈದರಾಬಾದಿಗೆ ಹೋದರು. ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿದ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ತೆರಳಿದರು. ಹೆಚ್ಚಿನದು ಕರೆಯಿತು, ಹೋದರು, ಅದರಲ್ಲಿ ದುಃಖಪಡುವಂಥದೇನಿದೆ? ಬೇಂದ್ರೆಯವರ ಮಾತು ಬೇರೆ. ವರ್ಷಗಟ್ಟಲೆ ನೆಲೆಯಾದ ನೌಕರಿಯಿಲ್ಲದೆ ಕಳೆದ ಅವರಿಗೆ 1944ರಲ್ಲಿ, 48ರ ವಯಸ್ಸಿನಲ್ಲಿ, ಪ್ರಾಧ್ಯಾಪಕ ಸ್ಥಾನ ಕೊಟ್ಟದ್ದು ಸೋಲಾಪುರದ ಡಿ.ಎ.ವಿ. ಕಾಲೇಜು. 1956ರವರೆಗೆ ಅಲ್ಲಿಯೇ ಕಲಿಸಿದರು.

ಇಂದಿನ ಅತಿಥಿ ಉಪನ್ಯಾಸಕನು ಬಿಟ್ಟು ಹೋಗುವವನೂ ಅಲ್ಲ, ಉಳಿಯುವವನೂ ಅಲ್ಲ. ವರ್ಷ ವರ್ಷವೂ ಅವನ ಹೆಸರು ಪಟ್ಟಿಯಲ್ಲಿ ಬರಬೇಕು. 2022ರ ಜನವರಿಯಲ್ಲಿ ಸರಕಾರವು ಪದವಿ ಕಾಲೇಜುಗಳ ಇಂಥವರ ಗೌರವಧನವನ್ನು ಅರ್ಹತೆ, ಅನುಭವಗಳಿಗೆ ತಕ್ಕಂತೆ ತಿಂಗಳಿಗೆ 32,000 ರೂಪಾಯಿಗಳವರೆಗೆ ಏರಿಸಿತು. ಒಳ್ಳೆಯ ಕೆಲಸವೇ. ಆದರೆ ಕಾರ್ಯಭಾರವನ್ನೂ ವಾರಕ್ಕೆ 15 ಗಂಟೆಗೆ ಏರಿಸಿದ್ದರಿಂದ, ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬನ ಪಾಲಾಯಿತು. ಇನ್ನೊಬ್ಬನು ಮನೆಗೆ ಹೋದನು. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದಾಗ ಕೇಳಿದ್ದು ಕೇವಲ ಹಣವನ್ನಲ್ಲ, ಕಾಯಂ ನೌಕರಿಯನ್ನು. ಕನ್ಯೆ ನೋಡಲು ಹೋದಲ್ಲಿಯೂ ಮೊದಲ ಪ್ರಶ್ನೆ ಅದೇ ತಾನೆ? "ಕಾಯಂ ಏನ್ರಿ?" ಡಾಕ್ಟರೇಟು ಆಮೇಲಿನ ಮಾತು.

ಇವರಿಗೆ ಪಾಠದಲ್ಲಿ ಬೇಸರವಿದೆಯೆಂದು ತಿಳಿಯಬೇಡಿ. ತರಗತಿಯಲ್ಲಿ ಅವರನ್ನು ನೋಡಿದವರು ಹಾಗೆನ್ನಲಾರರು. ಅವರಿಗೆ ಇಲ್ಲದಿರುವುದು, ಒಂದು ವರ್ಷವನ್ನು ಮೀರಿದ ಕೆಲಸವನ್ನು ಕೈಗೆತ್ತಿಕೊಳ್ಳುವ ಧೈರ್ಯ. ಡಾ. ಎಂ. ಎಂ. ಕಲಬುರ್ಗಿಯವರು 1960ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಸೇರಿ, 1998ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗುವವರೆಗೆ ಧಾರವಾಡದಲ್ಲಿ ನೆಲೆನಿಂತರು. ಶಾಸನ, ವಚನಗಳ ಆ ಸಂಶೋಧನೆ ಹನ್ನೊಂದು ತಿಂಗಳ ಬಾಡಿಗೆಯ ಕರಾರಿನಲ್ಲಿ ಸಾಗುವಂಥದಲ್ಲ.

ವಿದ್ಯಾರ್ಥಿಗಳ ನಷ್ಟವನ್ನು ಎಣಿಸುವವರು ಕಡಿಮೆ. ಜೂನ್ ಕಳೆದು ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಹೋದ ವರ್ಷ ಹಳಗನ್ನಡ ಹೇಳಿದ ಸರ್ ಎಲ್ಲಿ?" ಎಂದು ಕೇಳುತ್ತಾಳೆ. ಅವಳು ತಾನು ಬರೆದ ಪ್ರಬಂಧವನ್ನು ತೋರಿಸಬೇಕಾಗಿತ್ತು. ಹೊಸದಾಗಿ ಬಂದವರಿಗೆ ಅವಳ ಹೆಸರೇ ಗೊತ್ತಿಲ್ಲ.

ಕಾಯಂ ನೇಮಕಾತಿ ನಿಧಾನವಾದರೆ ಆಗಲಿ. ಪದವಿಯ ಅವಧಿ ಮೂರು ವರ್ಷ. ಅಷ್ಟು ಕಾಲವಾದರೂ ಒಬ್ಬರನ್ನು ಒಂದೇ ಕಾಲೇಜಿನಲ್ಲಿ ಇರಗೊಡಬಾರದೇ? ಪ್ರಥಮ ವರ್ಷದಲ್ಲಿ ಪಂಪನನ್ನು ಓದಿಸಿದವರೇ, ಅಂತಿಮ ವರ್ಷದಲ್ಲಿ ಆ ಹುಡುಗಿಯ ಎಂ.ಎ. ಅರ್ಜಿಯನ್ನೂ ತುಂಬಿಸಲಿ.