ಚಿಕಾಗೊ ಕೈಬಿಟ್ಟ ಚೆಂಡು

ಉನ್ನತ ಶಿಕ್ಷಣದ ಅವನತಿಯ ಬಗ್ಗೆ ನಡೆದ ಸಭೆಯೊಂದರಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಆಡಿದ ಮಾತು ತಲೆಯಲ್ಲಿ ಕೊರೆಯುತ್ತಿದೆ. ಚಿಕಾಗೊ ವಿಶ್ವವಿದ್ಯಾಲಯ ಅಮೆರಿಕನ್ ಫುಟ್‌ಬಾಲನ್ನು ಕಿತ್ತೊಗೆಯಿತಂತೆ, ಅದೇ ಮೈದಾನದಲ್ಲಿ ಪರಮಾಣು ಯುಗ ಹುಟ್ಟಿತಂತೆ, ಕೊನೆಗೆ ಅಲ್ಲೊಂದು ದೊಡ್ಡ ಗ್ರಂಥಾಲಯ ಎದ್ದಿತಂತೆ. ಸಭೆ ಚಪ್ಪಾಳೆ ತಟ್ಟಿತು. ಮೂರು ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ್ದು ನನಗೆ ಸರಿಬರಲಿಲ್ಲ. ಚರಿತ್ರೆಯಿಂದ ಇಸವಿಗಳನ್ನು ಕಿತ್ತು ನೀತಿಕತೆ ಮಾಡುವ ನಮ್ಮ ವೇದಿಕೆಗಳ ಚಟದ ಮೇಲೆ ನಾನು ಇಲ್ಲಿ ಹಿಂದೆಯೂ ಹರಿಹಾಯ್ದಿದ್ದೇನೆ. ಬಲ್ಲ ಓದುಗರು ಈ ಸಲವೂ ಸಹಿಸಿಕೊಳ್ಳಬೇಕು.

ರಾಬಿನ್ ಲೆಸ್ಟರ್ 1995ರಲ್ಲಿ ಚಿಕಾಗೊ ಫುಟ್‌ಬಾಲಿನ ಏಳುಬೀಳಿನ ಮೇಲೊಂದು ಪುಸ್ತಕ ಬರೆದಿದ್ದಾರೆ. ಅಂಥವನ್ನು ಓದಿದರೆ ಮೊದಲು ಗೊತ್ತಾಗುವುದು ಇದು: ಫುಟ್‌ಬಾಲ್ ಆ ವಿಶ್ವವಿದ್ಯಾಲಯಕ್ಕೆ ಹಿಂಬಾಗಿಲಿನಿಂದ ನುಸುಳಿದ್ದಲ್ಲ. ಅದನ್ನು ಕರೆತಂದವನು ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಹೀಬ್ರೂ ಭಾಷೆಯ ಘನ ವಿದ್ವಾಂಸ. 1892ರ ಅಕ್ಟೋಬರಿನಲ್ಲಿ ತರಗತಿಗಳು ಶುರುವಾದಾಗ ಅವನ ಕೈಯಲ್ಲಿ ರಾಕ್‌ಫೆಲರನ ಎಣ್ಣೆಯ ಹಣವಿತ್ತು, ಮಾರ್ಷಲ್ ಫೀಲ್ಡ್ ಕೊಟ್ಟ ಜಾಗವಿತ್ತು, ಬೇರೆ ಕಡೆಗಳಿಂದ ಸೆಳೆದು ತಂದ ಪಂಡಿತರಿದ್ದರು. ಇಲ್ಲದ್ದು ಭೂತಕಾಲ. ಹಳೆಯ ವಿದ್ಯಾರ್ಥಿಗಳಿಲ್ಲ, ಹಾಡಿಕೊಳ್ಳಲು ಹಾಡಿಲ್ಲ, ಊರಿನವರು ತಮ್ಮದೆನ್ನಲು ಕಾರಣವಿಲ್ಲ. ಹೊಸ ದೇವಸ್ಥಾನ ಕಟ್ಟಿದವರು ಮೊದಲ ವರ್ಷವೇ ತೇರು ಎಳೆಸುವ ಹಾಗೆ ಹಾರ್ಪರ್ ಆ ವರ್ಷವೇ ಫುಟ್‌ಬಾಲ್ ತಂಡವನ್ನು ಕಣಕ್ಕಿಳಿಸಿದ. ಯೇಲ್‌ನಲ್ಲಿ ತನ್ನ ಶಿಷ್ಯನಾಗಿದ್ದ ಆಮೋಸ್ ಅಲೊಂಜೊ ಸ್ಟ್ಯಾಗ್‌ನನ್ನು ಕರೆಸಿ, ಕೋಚ್ ಎಂದಷ್ಟೇ ಅಲ್ಲ, ಸಹ ಪ್ರಾಧ್ಯಾಪಕನೆಂದು ಕಾಯಂ ಹುದ್ದೆ ಕೊಟ್ಟ. ಸಂಬಳ ವರ್ಷಕ್ಕೆ 2,500 ಡಾಲರ್. ಆಟಗಾರರು ಸಾಲದೆ ಮೊದಲ ವರ್ಷ ಸ್ಟ್ಯಾಗ್ ತಾನೇ ತಂಡದಲ್ಲಿ ಆಡಬೇಕಾಯಿತು.

ಇಲ್ಲಿ ನನ್ನ ಹಳೆಯ ಹುಚ್ಚು ಕೆರಳುತ್ತದೆ. ಅದೇ 1892ರಲ್ಲಿ ಅದೇ ಆವರಣಕ್ಕೆ ಇನ್ನೊಬ್ಬ ಬಂದ: ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್. ಅವನೂ ಯೇಲ್‌ನವನೇ, ಎಂಟು ವರ್ಷ ಹಿಂದೆ ಅಲ್ಲಿ ಪಿಎಚ್‌ಡಿ ಪಡೆದು ಕೆಲಸ ಸಿಗದೆ ಅಲೆದವನು. ಚಿಕಾಗೊ ಅವನಿಗೆ ಕೊಟ್ಟದ್ದು ವರ್ಷಕ್ಕೆ 520 ಡಾಲರ್‌ನ ಫೆಲೋಶಿಪ್. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಹಾಯಕ ಪ್ರಾಧ್ಯಾಪಕನಾಗಲು ವೆಬ್ಲೆನ್ 1900ರವರೆಗೆ ಕಾಯಬೇಕಾಯಿತು. ಇದನ್ನು ನೋಡಿದವರು ಅವನ ‘ವಿರಾಮ ವರ್ಗದ ಸಿದ್ಧಾಂತ’ ಬರೀ ಹೊಟ್ಟೆಯುರಿ ಎಂದುಬಿಡುತ್ತಾರೆ. ಅದು ಸೋಮಾರಿ ಓದು.

ಆ ಪುಸ್ತಕ ಬಂದದ್ದು 1899ರಲ್ಲಿ. ಸ್ಟ್ಯಾಗ್‌ನ ತಂಡ ತನ್ನ ವಲಯದ ಚಾಂಪಿಯನ್ ಪಟ್ಟವನ್ನು ಮೊದಲ ಬಾರಿ ಗೆದ್ದದ್ದೂ 1899ರಲ್ಲೇ. ಪುಸ್ತಕದಲ್ಲಿ ಫುಟ್‌ಬಾಲಿನ ಚರ್ಚೆ ಬರುವುದು ಬೇಟೆ, ದ್ವಂದ್ವಯುದ್ಧಗಳ ಸಾಲಿನಲ್ಲಿ. ಪುರಾತನ ಪರಾಕ್ರಮದ ಅಭ್ಯಾಸಗಳು ಆಧುನಿಕ ಬದುಕಿನಲ್ಲಿ ಹೇಗೆ ಉಳಿದುಕೊಂಡಿವೆ ಎಂಬುದು ಅಲ್ಲಿನ ವಿಷಯ. ಮೈಕಟ್ಟು ಬೆಳೆಯುತ್ತದೆ, ಶೀಲ ಬೆಳೆಯುತ್ತದೆ ಎಂಬ ಸಮರ್ಥನೆಗಳನ್ನು ಅವನು ನಯವಾಗಿ, ನಗದೆ, ಬುಡ ಸಮೇತ ಅಲ್ಲಾಡಿಸುತ್ತಾನೆ. ಹಲವರು ಅಷ್ಟಕ್ಕೇ ನಿಂತು, ವೆಬ್ಲೆನ್ ಆಟದ ವೈರಿ ಎಂದು ತೀರ್ಮಾನಿಸುತ್ತಾರೆ. ಕೊನೆಯ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಅವನು ಅದೇ ಅಳತೆಗೋಲನ್ನು ಪದವಿಯ ನಿಲುವಂಗಿಗೆ, ಘಟಿಕೋತ್ಸವದ ಮೆರವಣಿಗೆಗೆ, ಗ್ರೀಕ್ ಲ್ಯಾಟಿನ್ ಪಾಂಡಿತ್ಯದ ಪ್ರದರ್ಶನಕ್ಕೆ ಹಿಡಿಯುತ್ತಾನೆ. ಫುಟ್‌ಬಾಲ್ ಅವನಿಗೆ ವಿದ್ಯೆಯ ಹೊರಗಿನ ಪಿಡುಗಲ್ಲ. ವಿಶ್ವವಿದ್ಯಾಲಯದ ವೈಭವವೂ ಆಟದ ವೈಭವವೂ ಒಂದೇ ತೊಗಲಿನಿಂದ ಹೊಲಿದವು ಎನ್ನುವುದು ಅವನ ವಾದ. 1918ರಲ್ಲಿ ಅಮೆರಿಕದ ಉನ್ನತ ಶಿಕ್ಷಣದ ಮೇಲೆ ಬರೆದ ಪುಸ್ತಕದಲ್ಲಿ ಆ ವಾದವನ್ನು ಇನ್ನೂ ಖಾರವಾಗಿಸಿದ. ವ್ಯಾಪಾರಿಗಳ ಕೈಯಲ್ಲಿರುವ ವಿದ್ಯಾಸಂಸ್ಥೆ ಸರಕು ಮಾರುವ ರೀತಿಯಲ್ಲೇ ತನ್ನ ಹೆಸರನ್ನೂ ಮಾರುತ್ತದೆ, ಆಟ ಅದರ ಜಾಹೀರಾತು ವಿಭಾಗ. ಅಷ್ಟು ಹೊತ್ತಿಗೆ ಅವನು ಚಿಕಾಗೊ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಸ್ಟ್ಯಾಗ್ ಮಾತ್ರ ಅಲ್ಲೇ ಇದ್ದ, 1932ರವರೆಗೂ ಇರುವವನಿದ್ದ.

ವೆಬ್ಲೆನ್‌ನನ್ನು ಇಷ್ಟುದ್ದ ಎಳೆದದ್ದಕ್ಕೆ ಕಾರಣವಿದೆ. ಆಟ ಹೋದರೆ ವಿದ್ಯೆ ಬರುತ್ತದೆ ಎಂಬ ವೇದಿಕೆಯ ತರ್ಕವನ್ನು ಅವನೂ ಒಪ್ಪುತ್ತಿರಲಿಲ್ಲ. ಇಸವಿಗಳಂತೂ ಒಪ್ಪುವುದೇ ಇಲ್ಲ. ಆಲ್ಬರ್ಟ್ ಮೈಕೆಲ್ಸನ್ ಚಿಕಾಗೊದಲ್ಲಿದ್ದಾಗಲೇ 1907ರಲ್ಲಿ ನೊಬೆಲ್ ಪಡೆದ. ವಿಜ್ಞಾನದಲ್ಲಿ ಅಮೆರಿಕನ್ನನಿಗೆ ಸಂದ ಮೊದಲ ನೊಬೆಲ್ ಅದು. ಆ ವರ್ಷ ಚಾಂಪಿಯನ್ ಪಟ್ಟವೂ ಸ್ಟ್ಯಾಗ್‌ನದೇ. ಮಿಲಿಕನ್‌ಗೆ 1923ರ ನೊಬೆಲ್ ತಂದುಕೊಟ್ಟ ಎಣ್ಣೆಹನಿಯ ಪ್ರಯೋಗ ಈ ಆವರಣದ್ದು. ಕಾಂಪ್ಟನ್‌ಗೆ 1927ರಲ್ಲಿ ನೊಬೆಲ್ ಬಂದಾಗ ತಂಡದ ಕೊನೆಯ ಚಾಂಪಿಯನ್ ಪಟ್ಟಕ್ಕೆ ಮೂರೇ ವರ್ಷ ವಯಸ್ಸು. ಜಾನ್ ಡ್ಯೂಯಿ ತನ್ನ ಪ್ರಯೋಗಶಾಲೆ ನಡೆಸಿದ್ದು ಇಲ್ಲಿ, ಫುಟ್‌ಬಾಲಿನ ಗದ್ದಲದ ನಡುವೆಯೇ. ಎಡ್ವಿನ್ ಹಬಲ್ ವಿದ್ಯಾರ್ಥಿಯಾಗಿ ಇಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವನು. ಮೈದಾನದ ಕೂಗು ಪ್ರಯೋಗಾಲಯದ ದೀಪ ಆರಿಸಿದ್ದಕ್ಕೆ ಸಾಕ್ಷಿಯಿಲ್ಲ.

ಹಾಗೆಂದು ಆ ಕೂಗು ನಿರಪಾಯಕಾರಿಯಾಗಿರಲಿಲ್ಲ. 1905ರ ಥ್ಯಾಂಕ್ಸ್‌ಗಿವಿಂಗ್ ದಿನ ಚಿಕಾಗೊ, ಮಿಷಿಗನ್ ತಂಡವನ್ನು 2-0 ಅಂತರದಲ್ಲಿ ಮಣಿಸಿತು. ಮಿಷಿಗನ್ ಅಲ್ಲಿಯವರೆಗೆ 56 ಪಂದ್ಯ ಸೋಲು ಕಂಡಿರಲಿಲ್ಲ. ಊರು ಕುಣಿಯಿತು. ಅದೇ ವರ್ಷ ದೇಶದ ಮೈದಾನಗಳಲ್ಲಿ ಹುಡುಗರು ಸಾಯುತ್ತಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಿದ. ಚಿಕಾಗೊದ ಧರ್ಮಶಾಸ್ತ್ರ ವಿಭಾಗದ ಶೈಲರ್ ಮ್ಯಾಥ್ಯೂಸ್ ಆಟವನ್ನು ಕಟುವಾಗಿ ಖಂಡಿಸಿದ. ಆದದ್ದೇನು? ನಿಯಮಗಳು ಬದಲಾದವು, ಚೆಂಡನ್ನು ಮುಂದಕ್ಕೆ ಎಸೆಯಲು 1906ರಿಂದ ಅನುಮತಿ ಸಿಕ್ಕಿತು, ಜನ ಇನ್ನೂ ಹೆಚ್ಚಾದರು. ಸುಧಾರಣೆ ಆಟವನ್ನು ಚಿಕ್ಕದು ಮಾಡಲಿಲ್ಲ, ಇನ್ನಷ್ಟು ಮಾರಾಟಕ್ಕೆ ಸಿದ್ಧಗೊಳಿಸಿತು.

ಇನ್ನು ರಾಬರ್ಟ್ ಮೇನಾರ್ಡ್ ಹಚಿನ್ಸ್, ವೇದಿಕೆಗಳ ನಾಯಕ. 1929ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷನಾದಾಗ ವಯಸ್ಸು 30. ಮಹಾಗ್ರಂಥಗಳ ಓದು, ಎಲ್ಲರಿಗೂ ಒಂದೇ ಗಟ್ಟಿ ಪಠ್ಯ, ರಾಜಿಯಿಲ್ಲದ ಪರೀಕ್ಷೆ ಅವನ ವ್ರತ. ಎಪ್ಪತ್ತು ತುಂಬಿದ ಸ್ಟ್ಯಾಗ್‌ನನ್ನು ನಿವೃತ್ತಿಗೊಳಿಸಿದ. ಸ್ಟ್ಯಾಗ್ ಮನೆಯಲ್ಲಿ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಸಣ್ಣ ಕಾಲೇಜೊಂದಕ್ಕೆ ಕೋಚ್ ಆಗಿ, 1938ರಲ್ಲಿ ಆ ಹುಡುಗರನ್ನು ಕರೆತಂದು, ತನ್ನದೇ ಹೆಸರಿನ ಸ್ಟ್ಯಾಗ್ ಫೀಲ್ಡ್‌ನಲ್ಲಿ ಚಿಕಾಗೊವನ್ನು 32-0 ಸೋಲಿಸಿದ. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ, ಈಗ ಹೈಸ್‌ಮನ್ ಎನ್ನುವ ಟ್ರೋಫಿಯನ್ನು 1935ರಲ್ಲಿ ಮೊದಲು ಪಡೆದವನು ಚಿಕಾಗೊದ ಜೇ ಬರ್ವಾಂಗರ್. ಅವನನ್ನು ಹಿಡಿಯಹೋಗಿ ಮಿಷಿಗನ್‌ನ ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷನಾದ ಅದೇ ಫೋರ್ಡ್, ಮುಖದ ಮೇಲೊಂದು ಕಲೆ ಪಡೆದುಕೊಂಡ. ಆದರೆ ಒಬ್ಬ ಬರ್ವಾಂಗರ್‌ನಿಂದ ತಂಡವಾಗುವುದಿಲ್ಲ. ಆಟಕ್ಕೆಂದೇ ಬರುವ ಹುಡುಗರಿಗೆ ಹಚಿನ್ಸ್‌ನ ಪಠ್ಯ ಬೇಡವಾಗಿತ್ತು, ಸುತ್ತಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬಾಗಿಲು ತೆರೆದು ನಿಂತಿದ್ದವು. ಊರಿನ ಪ್ರೇಕ್ಷಕರಿಗೆ ಬೇರ್ಸ್ ಎಂಬ ವೃತ್ತಿಪರ ತಂಡ ಸಿಕ್ಕಿತ್ತು. 1939ರ ಲೆಕ್ಕ ನೋಡಿ: ಮಿಷಿಗನ್ ಎದುರು 85-0, ಓಹಾಯೊ ಸ್ಟೇಟ್ ಎದುರು 61-0, ಹಾರ್ವರ್ಡ್ ಎದುರು 61-0 ಸೋಲು. ಡಿಸೆಂಬರ್ 21ರಂದು ಟ್ರಸ್ಟಿಗಳು ಫುಟ್‌ಬಾಲ್ ನಿಲ್ಲಿಸಿದರು. ಆ ತಂಡದ ಕೋಚ್ ಕ್ಲಾರ್ಕ್ ಶಾನೆಸಿ ಮರುವರ್ಷ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಒಂದೂ ಪಂದ್ಯ ಸೋಲದೆ ಋತು ಮುಗಿಸಿದ.

ಇನ್ನು ಪರಮಾಣುವಿನ ಮಾತು. 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಫರ್ಮಿಯ ತಂಡ ಮೊದಲ ಸ್ವಯಂಪೋಷಿತ ಸರಪಳಿ ಕ್ರಿಯೆ ನಡೆಸಿದ್ದು ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮದ ಗ್ಯಾಲರಿಯ ಕೆಳಗಿನ ಸ್ಕ್ವಾಷ್ ಅಂಗಣದಲ್ಲಿ, ನಿಜ. ಆದರೆ ಅದನ್ನು ನಡೆಸಬೇಕೆಂದಿದ್ದದ್ದು ಊರ ಹೊರಗಿನ ಆರ್ಗಾನ್ ಕಾಡಿನಲ್ಲಿ. ಅಲ್ಲಿ ಕಟ್ಟಡದ ಕೆಲಸ ಕಾರ್ಮಿಕರ ಮುಷ್ಕರದಿಂದ ತಡವಾಯಿತು. ಯುದ್ಧದ ಅವಸರ, ಕಾಯಲು ಸಮಯವಿರಲಿಲ್ಲ. ನಗರದ ನಡುವೆ ರಿಯಾಕ್ಟರ್ ಹಚ್ಚುವ ಹೊಣೆಯನ್ನು ಯೋಜನೆಯ ಮುಖ್ಯಸ್ಥನಾಗಿದ್ದ ಕಾಂಪ್ಟನ್ ತಾನೇ ಹೊತ್ತ, ಹಚಿನ್ಸ್‌ನನ್ನು ಕೇಳಲೂ ಇಲ್ಲ. ಪರಮಾಣು ಮೈದಾನಕ್ಕೆ ಬಂದದ್ದು ಮುಷ್ಕರದ ದೆಸೆಯಿಂದ, ಮಹಾಗ್ರಂಥಗಳ ದೆಸೆಯಿಂದಲ್ಲ. ಗ್ರಂಥಾಲಯದ ಕತೆಯೂ ಅಷ್ಟೇ. ಗ್ಯಾಲರಿ ಕೆಡವಿದ್ದು 1957ರಲ್ಲಿ, ರೀಗನ್‌ಸ್ಟೈನ್ ಗ್ರಂಥಾಲಯ ತೆರೆದದ್ದು 1970ರಲ್ಲಿ, ಅಂದರೆ ಫುಟ್‌ಬಾಲ್ ನಿಂತ ಮೂವತ್ತು ವರ್ಷಗಳ ನಂತರ.

ಇಷ್ಟು ಲೆಕ್ಕ ಹಾಕುವಾಗ ಕೇಳಬೇಕಾದದ್ದೇ ಬೇರೆ ಎನ್ನಿಸತೊಡಗಿತು. ಆಟ ಬೇಕೋ ವಿದ್ಯೆ ಬೇಕೋ ಎಂದು ಚಿಕಾಗೊ ಯಾವತ್ತೂ ತೂಗಲಿಲ್ಲ. ಆಟ ಯಾರಿಗೆ ಎಂಬುದಷ್ಟೇ ಅದರ ಮುಂದಿದ್ದ ಪ್ರಶ್ನೆ. 1892ರಲ್ಲಿ ಅದು ಊರಿಗೆ, ದಾನಿಗಳಿಗೆ, ಪತ್ರಿಕೆಗಳಿಗೆ. 1939ರ ಹೊತ್ತಿಗೆ ಊರು ಬೇರ್ಸ್ ನೋಡಲು ಹೋಗಿತ್ತು, ವಿಶ್ವವಿದ್ಯಾಲಯಕ್ಕೆ ಬೇರೆ ಹೆಸರು ಬಂದಿತ್ತು, ಜಾಹೀರಾತಿನ ಅಗತ್ಯ ತೀರಿತ್ತು. ಜಾಹೀರಾತು ತೆಗೆಯಲು ಧೈರ್ಯವೇನೂ ಬೇಕಿಲ್ಲ. ಮಿಷಿಗನ್ 1927ರಲ್ಲಿ ಸಾಲಪತ್ರ ಮಾರಿ 80 ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ ಕಟ್ಟಿಕೊಂಡಿತ್ತು. ಓಹಾಯೊ, ಇಲಿನಾಯ್ ಅದಕ್ಕೂ ಮೊದಲೇ ಕಾಂಕ್ರೀಟಿಗೆ ಕೈಹಾಕಿದ್ದವು. ಅಲ್ಲೊಬ್ಬ ಹಚಿನ್ಸ್ ಹುಟ್ಟಿದ್ದರೂ ಸಾಲಗಾರರು, ಶಾಸಕರು, ಹಳೆಯ ವಿದ್ಯಾರ್ಥಿಗಳು ಅವನ ಮಾತನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಖಾಸಗಿ ಸಂಸ್ಥೆ, ದೊಡ್ಡ ನಿಧಿ, ಸೋಲುವ ತಂಡ ಮೂರೂ ಕೂಡಿದ್ದರಿಂದ ಹಚಿನ್ಸ್ ‘ಸಾಕು’ ಎನ್ನಬಲ್ಲವನಾದ. ವಿದ್ಯಾರ್ಥಿಗಳಿಗೆ ಆಡುವ ಆಸೆ ಇದೆಯೇ ಎಂದು ಹಾರ್ಪರನೂ ಕೇಳಲಿಲ್ಲ, ಹಚಿನ್ಸನೂ ಕೇಳಲಿಲ್ಲ.

ಕೇಳಿದವರು ವಿದ್ಯಾರ್ಥಿಗಳೇ. 1963ರಲ್ಲಿ ಕ್ಲಬ್ಬಿನ ಮಟ್ಟದಲ್ಲಿ ಫುಟ್‌ಬಾಲ್ ತಲೆಯೆತ್ತಿದಾಗ ಇನ್ನೊಂದು ಗುಂಪಿನ ವಿದ್ಯಾರ್ಥಿಗಳು ಮೈದಾನದ ನಡುವೆ ಕೂತು ಪ್ರತಿಭಟಿಸಿದರು. ಹಿಂದಿನ ವರ್ಷವಷ್ಟೇ ನಮ್ಮ ಎ.ಕೆ. ರಾಮಾನುಜನ್ ಆ ವಿಶ್ವವಿದ್ಯಾಲಯದಲ್ಲಿ ಪಾಠ ಶುರುಮಾಡಿದ್ದರು. ಮುಂದೆ ಅವರು ಬಳಸಿದ ದಕ್ಷಿಣ ಏಷ್ಯಾ ಸಂಗ್ರಹ, ಅದರಲ್ಲಿನ ಕನ್ನಡ ಪುಸ್ತಕಗಳು ಇಂದು ಇರುವುದು ಹಳೆಯ ಸ್ಟ್ಯಾಗ್ ಫೀಲ್ಡ್‌ನ ನೆಲದ ಮೇಲಿನ ಗ್ರಂಥಾಲಯದಲ್ಲೇ. ಕನ್ನಡಿಗರು ಹೆಮ್ಮೆಪಡುವ ಆ ಕಪಾಟುಗಳ ಸುತ್ತ ಆಟದ ಸಮಾಧಿಯ ಮೇಲೆ ಅಕ್ಷರ ಅರಳಿತೆಂಬ ಕತೆ ಹೆಣೆಯುವುದು ಸುಲಭ. ಆದರೆ ಆಟ ಸತ್ತಿರಲಿಲ್ಲ. ಗ್ರಂಥಾಲಯ ತೆರೆಯುವ ಒಂದು ವರ್ಷ ಮೊದಲು, 1969ರಲ್ಲಿ, ಚಿಕಾಗೊ ಅಧಿಕೃತ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟಿತು.

ತಾನು ಆಡುತ್ತಿದ್ದ ಬಿಗ್ ಟೆನ್ ಕ್ರೀಡಾ ಒಕ್ಕೂಟವನ್ನು ಚಿಕಾಗೊ 1946ರಲ್ಲಿ ಬಿಟ್ಟಿತು. ಆದರೆ 1958ರಲ್ಲಿ ಅದೇ ಒಕ್ಕೂಟದ ವಿಶ್ವವಿದ್ಯಾಲಯಗಳು ವಿದ್ಯೆಯ ಸಹಕಾರಕ್ಕೆಂದು ಸಮಿತಿ ಮಾಡಿಕೊಂಡಾಗ ಚಿಕಾಗೊ ಅದರೊಳಗಿತ್ತು. ಚೆಂಡಿನ ನಂಟು ಹರಿದ ಮೇಲೂ ವಿದ್ಯೆಯ ನಂಟು ದಶಕಗಳ ಕಾಲ ನಡೆಯಿತು. ಇಂದು ತಂಡ ಮೂರನೆಯ ದರ್ಜೆಯಲ್ಲಿ ಆಡುತ್ತದೆ. ಆಟದ ಹೆಸರಲ್ಲಿ ವಿದ್ಯಾರ್ಥಿವೇತನವಿಲ್ಲ. ಆಡುವವರು ಅರ್ಥಶಾಸ್ತ್ರವನ್ನೋ ಗಣಿತವನ್ನೋ ಓದಲು ಬಂದವರು. ಸ್ಟ್ಯಾಗ್ ಫೀಲ್ಡ್ ಎಂಬ ಹೆಸರು ಸ್ವಲ್ಪ ದೂರದ ಒಂದು ಸಣ್ಣ ಮೈದಾನಕ್ಕೆ ಸಂದಿದೆ.

ಕೀರ್ತಿಯೆಲ್ಲ 1939ರ ಹಚಿನ್ಸ್‌ಗೆ ಹೋಗಿದೆ. ನನ್ನ ತೀರ್ಪು 1969ರ ಕಡೆಗೆ. ಸೋಲುವ ತಂಡವನ್ನು ಮುಚ್ಚುವುದು ಯಾವ ಆಡಳಿತಗಾರನಿಗೂ ಸಾಧ್ಯ. ಮುಚ್ಚಿದ್ದನ್ನು ಅದಕ್ಕೆ ತಕ್ಕ ಅಳತೆಯಲ್ಲಿ ವಿದ್ಯಾರ್ಥಿಗಳ ಕೈಗೆ ತಿರುಗಿ ಕೊಟ್ಟದ್ದೇ ಆ ವಿಶ್ವವಿದ್ಯಾಲಯ ಆಟದ ವಿಚಾರದಲ್ಲಿ ಮಾಡಿದ ಒಂದೇ ವಿವೇಕದ ಕೆಲಸ.