ಅಳತೆಯ ತಪ್ಪು ವ್ಯಾಪಾರದ ಗುಟ್ಟೆ?

ವೈದ್ಯಕೀಯ ತಂತ್ರಜ್ಞಾನದ ಹೊಸ ಸಂಸ್ಥೆಗಳ ಗುಣದೋಷಗಳನ್ನು ಸ್ಥಾಪಕರ ಬಾಯಿಂದ ಕೇಳುವುದಕ್ಕಿಂತ, ಅಲ್ಲಿ ಸಂಬಳಕ್ಕೆ ದುಡಿಯುವ ತರುಣರಿಂದ ಕೇಳುವುದು ಲೇಸು. ಯಂತ್ರದ ಮುಂದೆ ಕುಳಿತು ಅಂಕೆಗಳನ್ನು ನೋಡುವವರು ಅವರೇ ಅಲ್ಲವೆ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2003ರಲ್ಲಿ ಎಲಿಜಬೆತ್ ಹೋಮ್ಸ್ ಸ್ಥಾಪಿಸಿದ ಥೆರಾನೋಸ್ ಕಂಪನಿಯನ್ನು ತೆಗೆದುಕೊಳ್ಳೋಣ. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ಬಗೆಬಗೆಯ ಪರೀಕ್ಷೆಗಳನ್ನು ಮಾಡಬಲ್ಲೆವೆಂದು ಅದು ಸಾರಿತು. ಇಲ್ಲಿ ತೊಡಕೊಂದುಂಟು. ರಕ್ತ ಸಾಲದಾದಾಗ ಬೇರೆ ದ್ರವವನ್ನು ಬೆರಸಬೇಕಾಗುವುದು. ಹತ್ತರಷ್ಟು ತೆಳುಮಾಡಿದರೆ ಬಂದ ಉತ್ತರವನ್ನು ಹತ್ತರಿಂದ ಗುಣಿಸಬೇಕು. ಆಗ ಉಪಕರಣದ ತಪ್ಪೂ ಹತ್ತುಪಟ್ಟಾಗುವುದು. ಅದಲ್ಲದೆ ಬೆರಳನ್ನು ಹಿಂಡುವಾಗ ರಕ್ತದ ಕೆಂಪು ಕಣಗಳು ಒಡೆಯುವುದುಂಟು. ಅವುಗಳೊಳಗಿನ ಪೊಟ್ಯಾಸಿಯಂ ಸುತ್ತಲಿನ ದ್ರವದಲ್ಲಿರುವುದಕ್ಕಿಂತ ಸುಮಾರು 30 ಪಟ್ಟು ಸಾಂದ್ರವಾದುದು. ನೂರಕ್ಕೆ ಎರಡು ಕಣಗಳು ಒಡೆದರೂ ಸಾಕು, ಆರೋಗ್ಯವಂತನ ಫಲಿತಾಂಶವು ವೈದ್ಯರನ್ನು ಗಾಬರಿಗೊಳಿಸುವಂತಾಗುವುದು.

2013ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಎರಿಕಾ ಚುಂಗ್ ಮತ್ತು ಟೈಲರ್ ಶುಲ್ಟ್ಸ್ ಎಂಬ ಹೊಸ ಪದವೀಧರರು, ಯಂತ್ರವು ಗುಣಪರೀಕ್ಷೆಯಲ್ಲಿ ತಪ್ಪಿದಾಗ ಹೊಂದದ ಅಂಕೆಗಳನ್ನು ಹೊರತಳ್ಳಿ ಉಳಿದವನ್ನು ಇಟ್ಟುಕೊಳ್ಳುವುದನ್ನು ಕಂಡರು. ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಯು ಲೋಲಕದ ಪ್ರಯೋಗದಲ್ಲಿ ಹೀಗೆ ಮಾಡಿದರೆ ಅಂಕಗಳನ್ನು ಕಳೆದುಕೊಳ್ಳುವನು! ಟೈಲರರ ಅಜ್ಜ, ಮಾಜಿ ವಿದೇಶಾಂಗ ಮಂತ್ರಿ ಜಾರ್ಜ್ ಶುಲ್ಟ್ಸ್, ಕಂಪನಿಯ ಆಡಳಿತ ಮಂಡಲಿಯಲ್ಲಿದ್ದರು. ಅವರಿಗೂ ಮೊಮ್ಮಗನ ಮಾತು ನಾಟಲಿಲ್ಲ. 2014ರಲ್ಲಿ ಇಬ್ಬರೂ ಕೆಲಸ ಬಿಟ್ಟರು. ವ್ಯಾಪಾರದ ಗುಟ್ಟನ್ನು ಹೊರಗೆಡಹಿದಿರೆಂಬ ವಕೀಲರ ಬೆದರಿಕೆ ಮರುವರ್ಷ ಅವರನ್ನು ಬೆನ್ನಟ್ಟಿ ಬಂದಿತು. ಆದಾಗ್ಯೂ ಚುಂಗ್ 2015ರಲ್ಲಿ ಪ್ರಯೋಗಾಲಯಗಳ ಮೇಲ್ವಿಚಾರಣೆಯ ಸರ್ಕಾರಿ ಇಲಾಖೆಗೆ ಪತ್ರ ಬರೆದರು. ತಪಾಸಣೆ ನಡೆಯಿತು. 2016ರಲ್ಲಿ ಕಂಪನಿಯು ಆ ಯಂತ್ರದ ಎರಡು ವರ್ಷಗಳ ಫಲಿತಾಂಶಗಳೆಲ್ಲವನ್ನೂ ರದ್ದುಮಾಡಿತು; 2018ರಲ್ಲಿ ಬಾಗಿಲು ಮುಚ್ಚಿತು. ಹೂಡಿಕೆದಾರರನ್ನು ವಂಚಿಸಿದ ಅಪರಾಧಕ್ಕಾಗಿ 2022ರಲ್ಲಿ ಹೋಮ್ಸರಿಗೆ 11 ವರ್ಷಕ್ಕೂ ಮಿಕ್ಕಿದ ಸೆರೆವಾಸ ವಿಧಿಸಲಾಯಿತು. ರೋಗಿಗಳನ್ನು ವಂಚಿಸಿದರೆಂಬ ಆರೋಪ ಮಾತ್ರ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹಣ ಕಳೆದುಕೊಂಡವನ ಅಹವಾಲಿಗೆ ಇರುವ ತೂಕ, ತಪ್ಪು ಅಂಕೆಯನ್ನು ನಂಬಿ ರಾತ್ರಿಯೆಲ್ಲ ನಿದ್ದೆಗೆಟ್ಟವನ ಅಹವಾಲಿಗೆ ಬರಲಿಲ್ಲ.

ಯಂತ್ರದ ಒಳರಚನೆ ಗುಟ್ಟಾಗಿರಲಿ. ಶ್ರಮಪಟ್ಟು ಕಂಡುಹಿಡಿದವನಿಗೆ ಆ ಹಕ್ಕುಂಟು. ಆದರೆ ಅದು ಎಷ್ಟು ಸಾರಿ, ಎಷ್ಟರಮಟ್ಟಿಗೆ ತಪ್ಪುವುದೆಂಬ ಸಂಗತಿಯು ಯಾರ ಸೊತ್ತೂ ಅಲ್ಲ. ಬೆಂಗಳೂರಿನಲ್ಲಿಯೂ ಇಂಥ ಸಂಸ್ಥೆಗಳು ಹಲವುಂಟು. ನಮ್ಮ ಕಾಲೇಜುಗಳ ಪದವೀಧರರು ಗೋಪ್ಯತೆಯ ಕರಾರಿಗೆ ರುಜು ಹಾಕಿ ಅಲ್ಲಿ ಸೇರುತ್ತಾರೆ. ಅಳತೆಯ ತಪ್ಪನ್ನು ವೈದ್ಯರಿಗೂ ಸರ್ಕಾರಕ್ಕೂ ತಿಳಿಸುವ ನೌಕರನಿಗೆ ಈ ಕರಾರು ಅನ್ವಯಿಸದೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ರುಜು ಹಾಕುವ ಮುನ್ನ ಆ ಸಾಲು ಎಲ್ಲಿದೆಯೆಂದು ಕೇಳಲು ನಮ್ಮ ವಿದ್ಯಾರ್ಥಿಗಳು ಸಂಕೋಚಪಡಬೇಕಾದ್ದಿಲ್ಲ.