ಗುರಿವಿದ್ಯೆಗೆ ಬೇಕಾದ ಹತ್ತು ಮೀಟರು

ಬಂದೂಕಿನ ಗುರಿಸ್ಪರ್ಧೆ ಶ್ರೀಮಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಅಕಾರಣವೂ ಅಲ್ಲ. ೨೦೦೮ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಮನೆಯ ಆವರಣದಲ್ಲಿಯೇ ಅಭ್ಯಾಸದ ಅಂಗಣವಿತ್ತು. ಅಂಥ ಸ್ಪರ್ಧೆಗಳಲ್ಲಿ ಕಾಣುವ ಜರ್ಮನಿಯ ಗಾಳಿಬಂದೂಕಿನ ಬೆಲೆ ಎರಡು ಲಕ್ಷ ರೂಪಾಯಿಗೂ ಮೇಲೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಶೇಂಗಾ, ಮೆಕ್ಕೆಜೋಳ ಬಿತ್ತಿ ಮಳೆಯ ದಾರಿ ನೋಡುವ ಮನೆಯ ಮಕ್ಕಳ ಮುಂದೆ ಈ ಮಾತನ್ನೆತ್ತುವುದೇ ಅಪಹಾಸ್ಯವಾಗಿ ಕಂಡೀತು.

ಆದರೆ ೨೦೨೪ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಪಡೆದ ಸ್ವಪ್ನಿಲ್ ಕುಸಾಳೆ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಶಾಲಾ ಶಿಕ್ಷಕರ ಮಗ, ರೈಲ್ವೆಯ ನೌಕರ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ೨೦೨೨ರಲ್ಲಿ ಫ್ರಾನ್ಸಿನ ಶಾಟೊರೂ ನಗರದಲ್ಲಿ ಅಂಗವಿಕಲರ ವಿಶ್ವಕಪ್ಪಿನ ಚಿನ್ನವನ್ನು ಗೆದ್ದುದೂ ಇದೇ ಹತ್ತು ಮೀಟರಿನ ಗಾಳಿಬಂದೂಕಿನಿಂದ. ಹುಬ್ಬಳ್ಳಿ ನಮಗೇನು ಕಾಣದ ಊರೇ?

ಗುರಿಯಿಡುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲ. ಹರಪನಹಳ್ಳಿ, ಗುಡೇಕೋಟೆಗಳಲ್ಲಿ ಬೇಡರ ಪಾಳೆಯಗಾರರು ಆಳಿದ್ದರು. ೧೮೦೦ರಲ್ಲಿ ಈ ನಾಡು ಕುಂಪಣಿಯ ಕೈಸೇರಿದ ಮೇಲೆ ಥಾಮಸ್ ಮನ್ರೋ ಪಾಳೆಯಗಾರಿಕೆಯ ಬೆನ್ನು ಮುರಿದ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ಹಲಗಲಿಯ ಬೇಡರು ಸಿಡಿದೆದ್ದರು. ಮುಂದಾದುದು ಎಲ್ಲರಿಗೂ ತಿಳಿದ ಕಥೆ. ಕೊಡವರಿಗೆ ಮಾತ್ರ ಪರವಾನಗಿಯ ವಿನಾಯಿತಿ ದೊರೆತು ಇಂದಿಗೂ ಉಳಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡಿಡುವ ಆಟವೂ ಉಳಿಯಿತು. ನಮ್ಮ ಕಡೆ ಉಳಿದದ್ದು ಮೈಲಾರದ ಬಿಲ್ಲು. ಅದನ್ನಾದರೋ ಗೊರವಯ್ಯ ಏರುವುದು ಕಾರಣಿಕ ನುಡಿಯುವುದಕ್ಕೆ, ಬಾಣ ಬಿಡುವುದಕ್ಕಲ್ಲ!

ಈಗಿನ ಕಾನೂನು ಬಡವನಿಗೆ ಒಂದು ಕಿಂಡಿಯನ್ನು ತೆರೆದಿಟ್ಟಿದೆ. ೨೦೧೬ರ ಆಯುಧ ನಿಯಮಗಳ ಮೇರೆಗೆ, ನಳಿಗೆಯ ವ್ಯಾಸ ೪.೫ ಮಿಲಿಮೀಟರನ್ನೂ ಬಲ ೨೦ ಜೌಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಡ; ಗುರುತಿನ ದಾಖಲೆ ಸಾಕು. ಸ್ಪರ್ಧೆಯ ಬಂದೂಕೂ ಈ ಮಿತಿಯೊಳಗೇ ಬರುತ್ತದೆ. ಬೇಕಾದ ಸ್ಥಳವೂ ಹತ್ತೇ ಮೀಟರು. ಶಾಲೆಯ ಜಗಲಿ, ಬೇಸಗೆಯಲ್ಲಿ ಬರಿದಾಗುವ ಗೋದಾಮು, ಯಾವುದಾದರೂ ಆದೀತು. ಐವತ್ತು ಮೀಟರಿನ ತೋಟಾಬಂದೂಕಿನ ಗೊಡವೆ ಆರಂಭದಲ್ಲಿ ಬೇಡವೇ ಬೇಡ. ಅದಕ್ಕೆ ಪರವಾನಗಿ ಬೇಕು, ಒಂದೊಂದು ತೋಟಾಕ್ಕೂ ಗಾಳಿಬಂದೂಕಿನ ಸೀಸದ ಗುಂಡಿನ ಹಲವು ಪಟ್ಟು ಹಣ ತೆರಬೇಕು. ಅದರ ರುಚಿ ನೋಡಬಯಸುವ ವಿದ್ಯಾರ್ಥಿಗೆ ಎನ್.ಸಿ.ಸಿ. ಇದೆ, ಅಲ್ಲಿ ಸಿಗುವ ತೋಟಾಗಳು ಬೆರಳೆಣಿಕೆಯವಾದರೂ.

ಹಾಗಾದರೆ ಕೆಲವು ಸಾವಿರಕ್ಕೆ ಸಿಗುವ ಸ್ಪ್ರಿಂಗಿನ ಬಂದೂಕು ಕೊಂಡರಾಯಿತೇ? ಇಲ್ಲಿ ತುಸು ವಿವೇಚನೆ ಬೇಕು. ಕುದುರೆಯನ್ನೆಳೆದಾಗ ಒಳಗಿನ ಸ್ಪ್ರಿಂಗು ಚಿಮ್ಮಿ, ಗುಂಡು ನಳಿಗೆಯನ್ನು ಬಿಡುವ ಮೊದಲೇ ಬಂದೂಕು ಅದುರುತ್ತದೆ. ಬಿಗಿಯಾಗಿ ಹಿಡಿದರೆ ಗುಂಡು ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಪ್ರತಿಸಲವೂ ಒಂದೇ ಹದದಲ್ಲಿ ಮೆದುವಾಗಿ ಹಿಡಿಯಲು ಕಲಿತವನ ಕೈ ಪಳಗುತ್ತದೆ. ಈ ಬಂದೂಕು ನಿಷ್ಠುರನಾದ ಗುರು. ಸ್ಪರ್ಧೆಗೆ ಮಾತ್ರ ನಂಬತಕ್ಕದ್ದಲ್ಲ. ಹತ್ತು ಅಂಕದ ಗುರಿಯೆಂದರೆ ಹತ್ತು ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ, ರಾಗಿಯ ಕಾಳಿಗಿಂತಲೂ ಸಣ್ಣದು. ಎಪ್ಪತ್ತೈದು ನಿಮಿಷಗಳಲ್ಲಿ ಅರವತ್ತು ಗುಂಡುಗಳನ್ನು ಅದಕ್ಕೆ ಇಡಬೇಕು. ಒತ್ತಿದ ಗಾಳಿಯಿಂದ ನಡೆಯುವ ಬಂದೂಕು ಈ ಕೆಲಸಕ್ಕೆ ತಕ್ಕದ್ದು. ಅದು ಈಗ ನಮ್ಮ ದೇಶದಲ್ಲಿಯೂ ತಯಾರಾಗುತ್ತಿದೆ. ಸೈಕಲ್ ಪಂಪಿನಂಥ ಕೈಪಂಪಿನಿಂದಲೇ ಗಾಳಿ ತುಂಬಬಹುದು.

ಇಷ್ಟಾದರೂ ವಿದ್ಯೆಯ ಬಹುಭಾಗ ಕಾಸಿಲ್ಲದೆ ಬರುವಂಥದು. ಭಾರವನ್ನು ತೋಳಿನ ಬಲದಿಂದಲ್ಲ, ಮೂಳೆಗಳ ಜೋಡಣೆಯಿಂದ ಹೊರುವ ನಿಲುವು. ಉಸಿರನ್ನು ಅರ್ಧ ಬಿಟ್ಟು ಕೆಲವು ಕ್ಷಣ ತಡೆಯುವ ಅಭ್ಯಾಸ. ಬೆರಳು ಮಾತ್ರ ಅಲುಗಿ ಉಳಿದ ಮೈ ಅಲುಗದಿರುವ ಸಂಯಮ. ಇವನ್ನೆಲ್ಲ ಗೋಡೆಗೆ ಅಂಟಿಸಿದ ಕಾಗದದ ಮುಂದೆ, ಗುಂಡಿಲ್ಲದೆ, ದಿನವೂ ಅರ್ಧಗಂಟೆ ಸಾಧಿಸಬಹುದು. ಎಚ್ಚರವೊಂದು: ಸ್ಪ್ರಿಂಗಿನ ಬಂದೂಕನ್ನು ಬರಿದೇ ಹಾರಿಸಬಾರದು, ಕೆಡುತ್ತದೆ, ಅದನ್ನು ಹಿಡಿದು ನಿಲ್ಲುವ ಸಾಧನೆಯಷ್ಟೇ ಸಾಕು.

ನನ್ನ ನಿಜವಾದ ಆತಂಕ ಹಣದ್ದಲ್ಲ. ಅಗ್ಗದ ಬಂದೂಕು ಹುಡುಗನ ಕೈಗೆ ಬಂದ ಮರುದಿನವೇ ಅವನು ಕಾಗದವನ್ನು ಮರೆತು ಬೆಳವನ ಹಕ್ಕಿಯ ಬೆನ್ನು ಹತ್ತುತ್ತಾನೆ. ಕೂಡ್ಲಿಗಿಯ ಕುರುಚಲು ಕಾಡಿನಲ್ಲಿ ಕೌಜುಗ, ಮೊಲಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಗಾಳಿಬಂದೂಕಾದರೇನು, ಕೋವಿಯಾದರೇನು? ಹುಡುಗನೊಬ್ಬ ಸಿಕ್ಕಿಬಿದ್ದರೆ ಊರಿನ ಗುರಿವಿದ್ಯೆಯೆಲ್ಲ ಬೇಟೆಯೆಂಬ ಹೆಸರು ಹೊತ್ತು ಮಣ್ಣುಗೂಡುತ್ತದೆ. ಕಣ್ಣು ಕಳೆದುಕೊಳ್ಳುವ ಮಕ್ಕಳ ಮಾತು ಬೇರೆಯೇ ಇದೆ. ಇದು ಆಟಿಗೆಯಲ್ಲ.

ಆದುದರಿಂದ ಮನೆಗೊಂದು ಬಂದೂಕು ಕೊಳ್ಳುವುದನ್ನು ನಾನು ಸಮ್ಮತಿಸಲಾರೆ. ತಾಲ್ಲೂಕಿಗೊಂದು ಶಾಲೆಯೋ ಕಾಲೇಜೋ ಒಂದೆರಡು ಒಳ್ಳೆಯ ಗಾಳಿಬಂದೂಕುಗಳನ್ನು ಕೊಂಡು, ಹತ್ತಿಪ್ಪತ್ತು ಮಕ್ಕಳು ಸರದಿಯಲ್ಲಿ ಬಳಸುವಂತಾಗಲಿ. ಬಿಗಿಯಾದ ಚರ್ಮದ ಕೋಟನ್ನು ಎರಡನೆಯ ವರ್ಷಕ್ಕೆ ಬಿಡಬಹುದು. ಗುರಿಯ ಹಿಂದೆ ಉಕ್ಕಿನ ತಗಡು, ಅದರ ಮುಂದೆ ಜೇಡಿಮಣ್ಣು ತುಂಬಿದ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಸೀಸ ಮುಟ್ಟಿದ ಕೈ ತೊಳೆಯಲು ಸಾಬೂನು: ಇವು ಮೊದಲ ದಿನದಿಂದಲೇ ಬೇಕು. ಕುಡಿಯುವ ನೀರಿಗೇ ಪರದಾಡುವ ಊರಿಗೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಅವರು ಕ್ರೀಡಾಂಗಣದ ಸುತ್ತಿನ ಗೋಡೆಗೆ ಹಣ ಸುರಿದಾಗ ಈ ಪ್ರಶ್ನೆಯನ್ನು ಕೇಳಿದಂತಿಲ್ಲ.

ಉಳಿದದ್ದು ಬೀಗದ ಕೈಯ ಪ್ರಶ್ನೆ. ಬಂದೂಕಿನ ಕಪಾಟಿನ ಕೀಲಿ ಹೆಡ್‌ಮಾಸ್ತರರ ಮೇಜಿನಲ್ಲಿಯೇ ತುಕ್ಕು ಹಿಡಿಯದೆ, ಸಂಜೆ ನಾಲ್ಕೂವರೆಗೆ ತಪ್ಪದೆ ತಿರುಗಬೇಕು. ಏಳರ ಬಸ್ಸಿಗೆ ಹಳ್ಳಿಗೆ ಮರಳಬೇಕಾದ ಹುಡುಗಿಯರ ಸರದಿ ಮೊದಲು ಬರಬೇಕು. ಇದನ್ನು ನೋಡಿಕೊಳ್ಳಬಲ್ಲ ದೈಹಿಕ ಶಿಕ್ಷಕರು ಐದು ತಾಲ್ಲೂಕುಗಳಲ್ಲಿ ಐವರು ಸಿಕ್ಕರೆ ಮುಂದಿನ ಬೇಸಗೆಯಲ್ಲಿಯೇ ಕೆಲಸ ತೊಡಗಬಹುದು.